ತುರ್ತಾಗಿ ತಿರುಗಿಸಿದರೆ ಹಾಯಿದೋಣಿಯ ಕಂಬ ಮುರಿಯುತ್ತದೆಯೇ?

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಹತ್ತು ಮೀಟರ್ ಉದ್ದದ ಹಾಯಿದೋಣಿಯೊಂದು ಕಡಲಿನಲ್ಲಿ ಸಾಗುತ್ತಿದೆ. ಗಾಳಿ ಹಿಂದಿನಿಂದ ಚೆನ್ನಾಗಿ ಬೀಸುತ್ತಿದೆ. ದೋಣಿಯ ವೇಗ 6 ನಾಟ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಮುಂಭಾಗದಲ್ಲಿ ಹಗ್ಗ ಬಿಡಿಸುತ್ತಿದ್ದ ಒಬ್ಬರು ಕಾಲು ಜಾರಿ ನೀರಿಗೆ ಬೀಳುತ್ತಾರೆ.

ಈಗ ಚುಕ್ಕಾಣಿ ಹಿಡಿದವರು ಮಾಡಬೇಕಾದ್ದು ಒಂದೇ: ತಕ್ಷಣ ದೋಣಿಯನ್ನು ತಿರುಗಿಸಬೇಕು. ಆದರೆ ಹಲವರ ಕೈ ಅಲ್ಲಿ ತಡೆಯುತ್ತದೆ. ‘ಇಷ್ಟು ಗಾಳಿಯಲ್ಲಿ, ಹಾಯಿ ಪೂರ್ತಿ ಬಿಚ್ಚಿರುವಾಗ ಒಮ್ಮೆಲೇ ತಿರುಗಿಸಿದರೆ ಕಂಬವೇ ಮುರಿದು ಬಿದ್ದರೆ? ಮೊದಲು ಹಾಯಿ ಇಳಿಸಿ, ಎಂಜಿನ್ ಹಚ್ಚಿ, ಆಮೇಲೆ ಹಿಂದೆ ಹೋಗೋಣ’ ಎಂಬ ಯೋಚನೆ ಬರುತ್ತದೆ.

ಆ ಯೋಚನೆಯ ಬೆಲೆ ಎಷ್ಟು ಗೊತ್ತೇ? 6 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ 3 ಮೀಟರ್ ಮುಂದೆ ಹೋಗುತ್ತದೆ. ಅರ್ಧ ನಿಮಿಷದಲ್ಲಿ 90 ಮೀಟರ್, ಎರಡು ನಿಮಿಷದಲ್ಲಿ 370 ಮೀಟರ್. ಒಂದು ಮೀಟರ್ ಎತ್ತರದ ಅಲೆಗಳ ನಡುವೆ, ತೆಂಗಿನಕಾಯಿಯಷ್ಟು ಮಾತ್ರ ಮೇಲೆ ಕಾಣುವ ಮನುಷ್ಯನ ತಲೆಯನ್ನು ಅಷ್ಟು ದೂರದಿಂದ ಗುರುತಿಸುವುದು ಬಹಳ ಕಷ್ಟ. ಹಾಗಾಗಿ ಕಂಬ ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ಒಬ್ಬರ ಜೀವವೂ ಅಂಟಿಕೊಂಡಿದೆ. ನಿಜಕ್ಕೂ ಕಂಬ ಮುರಿಯುವುದು ಯಾವಾಗ, ಮುರಿಯದಿರುವುದು ಯಾವಾಗ ಎಂಬುದನ್ನು ನಾವು ಇಲ್ಲಿ ನೋಡೋಣ.

ಕಂಬ ನಿಂತಿರುವುದು ಹೇಗೆ?

ಹಾಯಿ ಕಟ್ಟುವ ಕಂಬಕ್ಕೆ ಕನ್ನಡದಲ್ಲಿ ಕೂವೆಕಂಬ ಎಂಬ ಹಳೆಯ ಹೆಸರಿದೆ. ಇಂದಿನ ಬಹುಪಾಲು ಹಾಯಿದೋಣಿಗಳಲ್ಲಿ ಅದು ಒಳಗೆ ಟೊಳ್ಳಾದ ಅಲ್ಯೂಮಿನಿಯಂ ಕೊಳವೆ. ಅದು ತನ್ನ ಬಲದಿಂದಲೇ ನಿಂತಿರುವುದಿಲ್ಲ. ರಸ್ತೆ ಬದಿಯ ವಿದ್ಯುತ್ ಕಂಬಕ್ಕೆ ನೆಲದಿಂದ ಓರೆಯಾಗಿ ಸ್ಟೇ ತಂತಿ ಕಟ್ಟಿರುವುದನ್ನು ನೀವು ನೋಡಿರುತ್ತೀರಿ. ಕೂವೆಕಂಬಕ್ಕೂ ಹಾಗೆಯೇ ಸ್ಟೀಲ್ ತಂತಿಗಳಿರುತ್ತವೆ. ಮುಂದಕ್ಕೆ ಒಂದು, ಹಿಂದಕ್ಕೆ ಒಂದು, ಎಡಬಲಕ್ಕೆ ಎರಡೋ ಮೂರೋ ಜೊತೆ. ಎಡಬಲದ ತಂತಿಗಳನ್ನು ಶ್ರೌಡ್ ಎನ್ನುತ್ತಾರೆ. ನಾವು ಪಕ್ಕದ ತಂತಿ ಎಂದೇ ಕರೆಯೋಣ. ಕಂಬದ ನಡುವೆ ಎರಡೂ ಕಡೆಗೆ ಚಾಚಿಕೊಂಡ ಅಡ್ಡಕಡ್ಡಿಗಳು ಈ ತಂತಿಗಳನ್ನು ಅಗಲಿಸಿ ಹಿಡಿಯುತ್ತವೆ. ಕಂಬ, ತಂತಿ, ಅಡ್ಡಕಡ್ಡಿ, ಅವನ್ನು ದೋಣಿಗೆ ಸೇರಿಸುವ ಪಟ್ಟಿ ಮತ್ತು ಪಿನ್ನುಗಳು, ಇವೆಲ್ಲ ಸೇರಿದರೆ ಅದೇ ರಿಗ್.

ಗಾಳಿ ಹಾಯಿಯನ್ನು ಬಲಕ್ಕೆ ತಳ್ಳಿದರೆ ಎಡಗಡೆಯ ತಂತಿ ಬಿಗಿಯಾಗುತ್ತದೆ, ಬಲಗಡೆಯದು ಸಡಿಲವಾಗುತ್ತದೆ. ಬಿಗಿಯಾದ ತಂತಿ ಕಂಬವನ್ನು ಪಕ್ಕಕ್ಕೆ ಎಳೆಯುವುದರ ಜೊತೆಗೆ ಕೆಳಕ್ಕೂ ಒತ್ತುತ್ತದೆ. ಒಂದು ಉದ್ದ ಕಡ್ಡಿಯನ್ನು ನೆಲಕ್ಕೆ ಊರಿ ಮೇಲಿನಿಂದ ಒತ್ತಿ ನೋಡಿ. ನೆಟ್ಟಗಿರುವವರೆಗೆ ಅದು ಬಹಳ ಭಾರ ತಡೆಯುತ್ತದೆ. ನಡುವೆ ಸ್ವಲ್ಪ ಬಾಗಿತೋ, ಲಟಕ್ ಎಂದು ಮುರಿಯುತ್ತದೆ. ಕೂವೆಕಂಬವೂ ಹಾಗೆಯೇ. ತಂತಿಗಳು ಅದನ್ನು ನೆಟ್ಟಗೆ ಹಿಡಿದಿರುವಷ್ಟು ಕಾಲ ಅದು ಗಟ್ಟಿ.

ತಿರುಗಿಸಿದ ಕೂಡಲೇ ಗಾಳಿ ಜೋರಾಗುವುದೇಕೆ?

ಗಾಳಿ ಹಿಂದಿನಿಂದ ಬೀಸುವಾಗ ಸ್ಕೂಟರಿನಲ್ಲಿ ಹೋದರೆ ಗಾಳಿಯೇ ಇಲ್ಲವೇನೋ ಅನಿಸುತ್ತದೆ. ಅದೇ ರಸ್ತೆಯಲ್ಲಿ ಯೂ-ಟರ್ನ್ ಮಾಡಿ ವಾಪಸ್ ಬಂದರೆ ಗಾಳಿ ಮುಖಕ್ಕೆ ರಪ್ಪೆಂದು ಹೊಡೆಯುತ್ತದೆ. ಗಾಳಿ ಬದಲಾಗಿಲ್ಲ, ನಮ್ಮ ದಿಕ್ಕು ಬದಲಾಗಿದೆ.

ದೋಣಿಯಲ್ಲೂ ಇದೇ ಆಗುತ್ತದೆ. ಗಾಳಿಯ ವೇಗ 18 ನಾಟ್, ದೋಣಿ ಗಾಳಿಯ ಜೊತೆ 6 ನಾಟ್‌ನಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಹಾಯಿಗೆ ತಾಕುವುದು 12 ನಾಟ್ ಗಾಳಿ ಮಾತ್ರ. ಈಗ ದೋಣಿಯನ್ನು ಗಾಳಿಯ ಕಡೆಗೆ ತಿರುಗಿಸಿದರೆ ಹಾಯಿಗೆ ತಾಕುವ ಗಾಳಿ 22 ನಾಟ್‌ನ ಆಸುಪಾಸಿಗೆ ಏರುತ್ತದೆ. ಇಲ್ಲಿ ಮರೆಯಬಾರದ ಇನ್ನೊಂದು ವಿಷಯವಿದೆ. ಗಾಳಿಯ ಒತ್ತಡ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. 12 ನಾಟ್‌ನಲ್ಲಿ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ಎರಡೂವರೆ ಕಿಲೋ ಒತ್ತಡವಿದ್ದರೆ, 22 ನಾಟ್‌ನಲ್ಲಿ ಅದು 8 ಕಿಲೋ. 50 ಚದರ ಮೀಟರ್ ಹಾಯಿಯ ಮೇಲೆ ಲೆಕ್ಕ ಹಾಕಿದರೆ ಸುಮಾರು 120 ಕಿಲೋ ಇದ್ದದ್ದು 400 ಕಿಲೋ ಆಗುತ್ತದೆ. ಅದೂ ಕೆಲವೇ ಸೆಕೆಂಡುಗಳಲ್ಲಿ.

ಹಾಗಾದರೆ ಭಯ ಸರಿಯೇ ಅಲ್ಲವೇ? ಹೊರೆ ಮೂರು ಪಟ್ಟು ಹೆಚ್ಚುವುದು ನಿಜ. ಆದರೆ ಎಷ್ಟು ಪಟ್ಟು ಹೆಚ್ಚಿತು ಎಂಬುದಕ್ಕಿಂತ ಎಲ್ಲಿಗೆ ಮುಟ್ಟಿತು ಎಂಬುದು ಮುಖ್ಯ. ಅದಕ್ಕೊಂದು ಮಿತಿ ಇದೆ.

ಓರೆಯಾಗುವ ದೋಣಿಯೇ ಫ್ಯೂಸ್

ವಿದ್ಯುತ್ ಕಂಬಕ್ಕೂ ಕೂವೆಕಂಬಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ವಿದ್ಯುತ್ ಕಂಬದ ತಂತಿ ನೆಲಕ್ಕೆ ಕಟ್ಟಿದೆ; ನೆಲ ಅಲುಗುವುದಿಲ್ಲ. ಕೂವೆಕಂಬದ ತಂತಿ ದೋಣಿಗೆ ಕಟ್ಟಿದೆ, ದೋಣಿ ಓರೆಯಾಗುತ್ತದೆ. ಪಕ್ಕದ ತಂತಿಯನ್ನು ಎಷ್ಟು ಎಳೆಯಬಹುದು ಎಂಬುದು ದೋಣಿ ಎಷ್ಟು ಬಲವಾಗಿ ಮತ್ತೆ ನೆಟ್ಟಗಾಗಲು ಯತ್ನಿಸುತ್ತದೆ ಎಂಬುದರ ಮೇಲೆ ನಿಂತಿದೆ. ಗಾಳಿ ಅದಕ್ಕಿಂತ ಹೆಚ್ಚು ತಳ್ಳಿದರೆ ತಂತಿ ಇನ್ನಷ್ಟು ಬಿಗಿಯಾಗುವ ಬದಲು ದೋಣಿಯೇ ಇನ್ನಷ್ಟು ವಾಲುತ್ತದೆ. ವಾಲಿದಷ್ಟೂ ಹಾಯಿ ಗಾಳಿಯನ್ನು ಮೇಲಿನಿಂದ ಚೆಲ್ಲುತ್ತದೆ, ಹೊರೆ ಇಳಿಯುತ್ತದೆ. ಮನೆಯ ಫ್ಯೂಸ್ ಇದ್ದ ಹಾಗೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಹತ್ತು ಮೀಟರ್ ದೋಣಿಯ ತೂಕ 5 ಟನ್ ಇರಲಿ. ಅದು 30 ಡಿಗ್ರಿ ವಾಲಿದಾಗ ತೂಕ ಕೆಳಗೆ ಎಳೆಯುವ ರೇಖೆಗೂ ನೀರು ಮೇಲೆ ಎತ್ತುವ ರೇಖೆಗೂ ನಡುವೆ ಸುಮಾರು 60 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳೋಣ. 5000 ಕಿಲೋವನ್ನು 0.6 ಮೀಟರಿನಿಂದ ಗುಣಿಸಿದರೆ 3000. ಪಕ್ಕದ ತಂತಿ ಕಂಬದಿಂದ ಒಂದೂವರೆ ಮೀಟರ್ ದೂರದಲ್ಲಿ ದೋಣಿಗೆ ಕಟ್ಟಿದ್ದರೆ, ತಂತಿಗಳ ಮೇಲಿನ ಒಟ್ಟು ಎಳೆತ 3000ವನ್ನು 1.5ರಿಂದ ಭಾಗಿಸಿದಷ್ಟು, ಅಂದರೆ 2 ಟನ್. ಇಂಥ ದೋಣಿಗೆ ಹಾಕುವ 8 ಮಿಲಿಮೀಟರ್ ಸ್ಟೀಲ್ ತಂತಿ ಹರಿಯಲು ನಾಲ್ಕೂವರೆ ಟನ್ನಿನ ಆಸುಪಾಸಿನ ಎಳೆತ ಬೇಕು, ಅದೂ ಒಂದೇ ತಂತಿಗೆ. ದೋಣಿ ಇನ್ನೂ ಹೆಚ್ಚು ವಾಲಿದರೆ ನೆಟ್ಟಗಾಗುವ ಬಲ ಸ್ವಲ್ಪ ಹೆಚ್ಚುತ್ತದೆ, ಆದರೆ ಹಲವು ಪಟ್ಟು ಏರುವುದಿಲ್ಲ. ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ.

ರಿಗ್ ವಿನ್ಯಾಸ ಮಾಡುವವರು ಲೆಕ್ಕ ಶುರುಮಾಡುವುದೂ ಇಲ್ಲಿಂದಲೇ. ಎಷ್ಟು ಗಾಳಿ ಬೀಸಬಹುದು ಎಂದು ಊಹಿಸುವುದಕ್ಕಿಂತ ದೋಣಿ ಎಷ್ಟು ಎದುರು ನಿಲ್ಲಬಲ್ಲದು ಎಂದು ನೋಡಿ, ಅದರ ಮೇಲೆ ಹೆಚ್ಚಿನ ಭದ್ರತೆ ಸೇರಿಸುತ್ತಾರೆ. ಹಠಾತ್ ಗಾಳಿಯಲ್ಲಿ ದೋಣಿ ವಾಲಲು ಒಂದೆರಡು ಸೆಕೆಂಡು ಬೇಕು, ಆ ಕ್ಷಣದಲ್ಲಿ ಹೊರೆ ಲೆಕ್ಕಕ್ಕಿಂತ ಮೇಲೇರಬಹುದು. ಆ ಹೆಚ್ಚಿನ ಭದ್ರತೆ ಇರುವುದು ಇಂಥ ಕ್ಷಣಗಳಿಗಾಗಿಯೇ.

ಆದ್ದರಿಂದ ಚುಕ್ಕಾಣಿಯನ್ನು ಜೋರಾಗಿ ತಿರುಗಿಸಿದ ಮಾತ್ರಕ್ಕೆ, ಸುಸ್ಥಿತಿಯಲ್ಲಿರುವ ರಿಗ್ ಮುರಿಯುವುದು ಅಪರೂಪ. ದೋಣಿ ತುಂಬಾ ವಾಲಬಹುದು, ಒಳಗಿನ ಪಾತ್ರೆಗಳೆಲ್ಲ ಉರುಳಬಹುದು, ಹಾಯಿ ಹರಿಯಲೂಬಹುದು. ಕಂಬ ನಿಂತಿರುತ್ತದೆ.

ಈ ಭಯ ಬಂದದ್ದೆಲ್ಲಿಂದ?

ಇದಕ್ಕೆ ಹಳೆಯ ಆಧಾರವೊಂದಿದೆ. ಹಿಂದಿನ ಕಾಲದ ಚೌಕ ಹಾಯಿಗಳ ದೊಡ್ಡ ಹಡಗುಗಳಲ್ಲಿ ಗಾಳಿ ಸಾಮಾನ್ಯವಾಗಿ ಹಿಂದಿನಿಂದ ಅಥವಾ ಪಕ್ಕದಿಂದ ಬರುತ್ತಿತ್ತು. ಅದಕ್ಕೆ ತಕ್ಕಂತೆ ಕಂಬಗಳ ತಂತಿ-ಹಗ್ಗಗಳಲ್ಲಿ ಹೆಚ್ಚಿನವು ಹಿಂದಕ್ಕೆ ಮತ್ತು ಪಕ್ಕಕ್ಕೆ ಎಳೆದಿರುತ್ತಿದ್ದವು. ಗಾಳಿ ಫಕ್ಕನೆ ಮುಂದಿನಿಂದ ಬಂದು ಹಾಯಿಗಳನ್ನು ಕಂಬಕ್ಕೇ ಒತ್ತಿದರೆ, ಹಿಂದಕ್ಕೆ ಬೀಳುವ ಕಂಬವನ್ನು ತಡೆಯುವ ಆಸರೆ ಕಡಿಮೆ. ಅಂಥ ಹಡಗುಗಳಿಗೆ ಹಾಯಿ ಹಿಮ್ಮುಖವಾಗುವುದು ನಿಜಕ್ಕೂ ಅಪಾಯವೇ ಆಗಿತ್ತು.

ಇಂದಿನ ತ್ರಿಕೋನ ಹಾಯಿಯ ದೋಣಿಗಳ ಕಥೆ ಬೇರೆ. ಇದಕ್ಕೆ ಒಳ್ಳೆಯ ಸಾಕ್ಷಿ ಹೀವ್-ಟು ಎಂಬ ಕ್ರಮ. ಬಿರುಗಾಳಿಯಲ್ಲಿ ವಿಶ್ರಾಂತಿ ಬೇಕಾದಾಗ ನಾವಿಕರು ಮುಂದಿನ ಹಾಯಿಯನ್ನು ಬೇಕೆಂದೇ ಹಿಮ್ಮುಖವಾಗಿ ಕಟ್ಟಿ, ಚುಕ್ಕಾಣಿಯನ್ನು ಒಂದು ಕಡೆಗೆ ಬಿಗಿದು, ದೋಣಿಯನ್ನು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಿಸುತ್ತಾರೆ. ಗಾಳಿಗೆ ತಕ್ಕಂತೆ ಚಿಕ್ಕದು ಮಾಡಿದ ಹಾಯಿ ಗಂಟೆಗಟ್ಟಲೆ ಹೀಗೆ ಇರುತ್ತದೆ. ಹಾಯಿಯ ಅಂಚು ಅಡ್ಡಕಡ್ಡಿಗೆ ಉಜ್ಜಿ ಸವೆಯಬಹುದು, ಕಂಬಕ್ಕೆ ಏನೂ ಆಗುವುದಿಲ್ಲ.

ಹಾಗಾದರೆ ಕಂಬ ಮುರಿಯುವುದು ಯಾವಾಗ?

ಮುರಿಯುವುದಂತೂ ನಿಜ. ಆದರೆ ಕಾರಣಗಳು ಬೇರೆ. ಮುಖ್ಯವಾದವು ನಾಲ್ಕು.

ಮೊದಲನೆಯದು ಜಗ್ಗುಹೊಡೆತ. ಬಾವಿಯಿಂದ ನೀರು ಸೇದುವಾಗ ತುಂಬಿದ ಕೊಡವನ್ನು ನಿಧಾನವಾಗಿ ಎಳೆದರೆ ಹಗ್ಗ ವರ್ಷಗಟ್ಟಲೆ ಬಾಳುತ್ತದೆ. ಅದೇ ಕೊಡ ಕೈತಪ್ಪಿ ಎರಡು ಮಾರು ಕೆಳಗೆ ಬಿದ್ದು ಹಗ್ಗ ಜಗ್ಗಿ ನಿಂತರೆ, ಅಷ್ಟೇ ಭಾರಕ್ಕೆ ಹಗ್ಗ ಹರಿಯಬಹುದು. ದೋಣಿಯಲ್ಲಿ ಇಂಥ ಹೊಡೆತ ಕೊಡುವುದು ಬೂಮ್, ಅಂದರೆ ಮುಖ್ಯ ಹಾಯಿಯ ಕೆಳಗಿನ ಅಡ್ಡಮರ. ಗಾಳಿ ಹಿಂದಿನಿಂದ ಬರುವಾಗ ಅದು ಒಂದು ಪಕ್ಕಕ್ಕೆ ಪೂರ್ತಿ ಚಾಚಿರುತ್ತದೆ. ಚುಕ್ಕಾಣಿ ತಪ್ಪಿ ಗಾಳಿ ಹಾಯಿಯ ಹಿಂಬದಿಗೆ ನುಗ್ಗಿದರೆ ಬೂಮ್ ಈ ಪಕ್ಕದಿಂದ ಆ ಪಕ್ಕಕ್ಕೆ ಬೀಸಿ ಹೋಗುತ್ತದೆ. ಇದನ್ನು ಜೈಬ್ ಎನ್ನುತ್ತಾರೆ. ನಾಲ್ಕು ಮೀಟರ್ ಉದ್ದದ ಬೂಮಿನ ತುದಿ ಹತ್ತು ಮೀಟರಿಗೂ ಹೆಚ್ಚು ದೂರ ವೇಗ ಕೂಡಿಸಿಕೊಳ್ಳುತ್ತಾ ಬಂದು, ಕೆಲವೇ ಸೆಂಟಿಮೀಟರುಗಳಲ್ಲಿ ನಿಲ್ಲಬೇಕು. ಆ ಹೊಡೆತಕ್ಕೆ ಬೂಮ್ ಮುರಿಯಬಹುದು, ಹಗ್ಗದ ಕೊಂಡಿಗಳು ಕಿತ್ತುಬರಬಹುದು, ಕೆಲವೊಮ್ಮೆ ಕಂಬವೂ ಹೋಗಬಹುದು. ಅದಕ್ಕಿಂತ ಘೋರವೆಂದರೆ ದಾರಿಯಲ್ಲಿ ಮನುಷ್ಯರ ತಲೆ ಸಿಕ್ಕುವುದು. 2016ರ ಜೂನ್‌ನಲ್ಲಿ ನ್ಯೂಜಿಲೆಂಡಿನಿಂದ ಫಿಜಿಗೆ ಹೊರಟಿದ್ದ ಪ್ಲಾಟಿನೋ ಎಂಬ ಹಾಯಿದೋಣಿಯಲ್ಲಿ ಹೀಗೆ ಅನಿರೀಕ್ಷಿತ ಜೈಬ್ ಆಗಿ, ಹಿಡಿತ ತಪ್ಪಿದ ಬೂಮಿನ ಆ ಅವಘಡದಲ್ಲಿ ಇಬ್ಬರು ಸಾವಿಗೀಡಾದರು.

ಎರಡನೆಯದು ಇಲ್ಲದ ಆಸರೆ. ಕೆಲವು ದೋಣಿಗಳಲ್ಲಿ, ಅದರಲ್ಲೂ ಪಂದ್ಯದ ದೋಣಿಗಳಲ್ಲಿ, ಹಿಂದಕ್ಕೆ ಎಳೆಯುವ ತಂತಿಗಳು ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ದೋಣಿ ತಿರುಗಿದಾಗಲೆಲ್ಲ ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿಯಬೇಕು. ಗಡಿಬಿಡಿಯಲ್ಲಿ ಇದು ಮರೆತುಹೋದರೆ ಕಂಬಕ್ಕೆ ಹಿಂದಿನಿಂದ ಹಿಡಿತವೇ ಇರುವುದಿಲ್ಲ. ಅಂಥ ದೋಣಿಗಳಲ್ಲಿ ಮಾತ್ರ ‘ತಿರುಗಿಸಿದ್ದಕ್ಕೆ ಮುರಿಯಿತು’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಮುರಿದದ್ದು ತಿರುಗಿಸಿದ್ದಕ್ಕಲ್ಲ, ತಂತಿ ಬಿಗಿಯದ್ದಕ್ಕೆ.

ಮೂರನೆಯದು ಲೋಹದ ದಣಿವು. ಸಣ್ಣ ತಂತಿಯನ್ನು ಆ ಕಡೆ ಈ ಕಡೆ ಹತ್ತಾರು ಸಲ ಬಗ್ಗಿಸಿದರೆ ಕತ್ತರಿಯಿಲ್ಲದೆ ತುಂಡಾಗುತ್ತದೆ. ದೋಣಿ ಎಂಟು ಸೆಕೆಂಡಿಗೊಮ್ಮೆ ಹೊಯ್ದಾಡಿದರೆ ದಿನಕ್ಕೆ 10,800 ಸಲ ಪ್ರತಿಯೊಂದು ಪಿನ್, ಪಟ್ಟಿ, ತಂತಿಯ ತುದಿ ಬಿಗಿದು ಸಡಿಲವಾಗುತ್ತದೆ. ತಿಂಗಳಿಗೆ ಮೂರು ಲಕ್ಷಕ್ಕೂ ಮಿಕ್ಕಿ. ಜೊತೆಗೆ ಉಪ್ಪುನೀರು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಗಾಳಿಯಾಡದ ಸಂದಿಯಲ್ಲಿ, ಉದಾಹರಣೆಗೆ ತಂತಿಯ ಪಟ್ಟಿ ದೋಣಿಯ ಮೇಲ್ಹಾಸನ್ನು ತೂರಿ ಹೋಗುವ ಜಾಗದಲ್ಲಿ, ಉಪ್ಪುನೀರು ನಿಂತರೆ ಅದು ಒಳಗೊಳಗೇ ತಿಂದುಹೋಗುತ್ತದೆ. ಹೊರಗಿನಿಂದ ಹೊಳೆಯುತ್ತಲೇ ಇರುತ್ತದೆ. ಮುಂದೊಂದು ದಿನ ಜೋರಾಗಿ ತಿರುಗಿಸಿದಾಗ ಅದು ತುಂಡಾದರೆ, ನೋಡಿದವರು ಆ ತಿರುವನ್ನೇ ದೂರುತ್ತಾರೆ. ತಿರುವು ಕೊನೆಯ ನೆಪ ಮಾತ್ರ.

ನಾಲ್ಕನೆಯದು ಅಲೆ. ದೊಡ್ಡ ಅಲೆ ಮುರಿದು ಬಿದ್ದು ದೋಣಿಯನ್ನು ಮಗುಚಿದರೆ ಕಂಬವೇ ನೀರಿಗೆ ಅಪ್ಪಳಿಸುತ್ತದೆ. ನೀರು ಗಾಳಿಗಿಂತ 800 ಪಟ್ಟು ಸಾಂದ್ರ. ಇಲ್ಲಿ ಫ್ಯೂಸ್ ಕೆಲಸ ಮಾಡುವುದಿಲ್ಲ, ಏಕೆಂದರೆ ತಳ್ಳುತ್ತಿರುವುದು ಹಾಯಿಯಲ್ಲ.

ನಮ್ಮ ದೇಶದವರಿಗೆ ನೆನಪಿರಬಹುದಾದ ಉದಾಹರಣೆ ಇದರದ್ದೇ. 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಲು ಹೊರಟವರಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಇದ್ದರು. ಗೋವಾದಲ್ಲಿ ಕಟ್ಟಿದ ಅವರ ದೋಣಿಯ ಹೆಸರು ತುರಿಯಾ. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಉರುಳಿತು, ಕಂಬ ಮುರಿಯಿತು, ಟೋಮಿಯವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಗ್ರೆಗರ್ ಮಕ್‌ಗುಕಿನ್ ಅವರ ದೋಣಿಯೂ ಕಂಬ ಕಳೆದುಕೊಂಡಿತು. ಮೂರು ದಿನಗಳ ನಂತರ ಫ್ರಾನ್ಸಿನ ಓಸಿರಿಸ್ ಹಡಗು ಟೋಮಿಯವರನ್ನು ಕಾಪಾಡಿತು. ಅವರು 2022ರಲ್ಲಿ ಅದೇ ಪಂದ್ಯಕ್ಕೆ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು.

2018ರ ಅದೇ ಪಂದ್ಯದಲ್ಲಿ ಇನ್ನೊಂದು ಪಾಠವೂ ಇದೆ. ಮುಂದಿದ್ದ ಫ್ರಾನ್ಸಿನ 73 ವರ್ಷದ ಜ್ಯಾಂ-ಲುಕ್ ವ್ಯಾನ್ ಡೆನ್ ಹೀಡೆ ಅವರ ದೋಣಿಯನ್ನು ನವೆಂಬರ್‌ನಲ್ಲಿ ಪೆಸಿಫಿಕ್ ಸಾಗರದ ಅಲೆಯೊಂದು ಉರುಳಿಸಿತು. ಕಂಬ ನಿಂತೇ ಇತ್ತು. ಆದರೆ ಪಕ್ಕದ ತಂತಿಗಳನ್ನು ಕಂಬಕ್ಕೆ ಸೇರಿಸುವ ಬೋಲ್ಟ್ ಅಲ್ಯೂಮಿನಿಯಂ ಅನ್ನು ಸೀಳಿಕೊಂಡು ಕೆಲವು ಸೆಂಟಿಮೀಟರ್ ಕೆಳಗೆ ಜಾರಿ, ತಂತಿಗಳು ಸಡಿಲವಾದವು. ಅವರು ಕಂಬ ಹತ್ತಿ ದುರಸ್ತಿ ಮಾಡಿ, ರಿಗ್ ಮೇಲೆ ಹೊರೆ ಬೀಳದಂತೆ ಜೋಪಾನವಾಗಿ ಸಾಗಿ, 2019ರ ಜನವರಿ 29ರಂದು ಪಂದ್ಯ ಗೆದ್ದರು. ಇಡೀ ರಿಗ್‌ನ ಭವಿಷ್ಯ ಒಂದು ಬೋಲ್ಟಿನ ಮೇಲೆ ನಿಂತಿತ್ತು.

ನಾವು ಹೇಳಿದ ಫ್ಯೂಸ್‌ನ ಮಾತು ಒಂಟಿ ಒಡಲಿನ ದೋಣಿಗಳಿಗೆ ಮಾತ್ರ ಎಂಬುದನ್ನೂ ಗಮನಿಸಬೇಕು. ಎರಡು ಒಡಲಿನ ಕ್ಯಾಟಮರಾನ್ ಸುಲಭವಾಗಿ ವಾಲುವುದಿಲ್ಲ. ಹಾಗಾಗಿ ಗಾಳಿಯ ಹೊರೆಯೆಲ್ಲ ನೇರವಾಗಿ ರಿಗ್ ಮೇಲೆ ಬೀಳುತ್ತದೆ. ಅಲ್ಲಿ ದೋಣಿ ವಾಲಿ ಎಚ್ಚರಿಸುವುದಿಲ್ಲ. ಗಾಳಿಯ ವೇಗ ನೋಡಿ ಮೊದಲೇ ಹಾಯಿ ಚಿಕ್ಕದು ಮಾಡಬೇಕು.

ಮನುಷ್ಯರು ನೀರಿಗೆ ಬಿದ್ದಾಗ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಇಂಥ ಹೊತ್ತಿಗೆಂದೇ ನಾವಿಕರಿಗೆ ಕಲಿಸುವ ಕ್ರಮಗಳಲ್ಲಿ ಒಂದು ಕ್ವಿಕ್-ಸ್ಟಾಪ್. ಅದು ಹೀಗಿದೆ:

1. ‘ನೀರಿಗೆ ಬಿದ್ದರು’ ಎಂದು ಕೂಗಿ, ತೇಲುವ ಬಳೆ ಎಸೆಯಿರಿ. ಒಬ್ಬರು ಬಿದ್ದವರತ್ತ ಕೈ ತೋರಿಸುತ್ತಲೇ ಇರಲಿ, ಕಣ್ಣು ಕೀಳಬಾರದು.

2. ತಕ್ಷಣ ದೋಣಿಯನ್ನು ಗಾಳಿಯ ಕಡೆಗೆ ತಿರುಗಿಸಿ. ತಿರುಗಿಸುತ್ತಲೇ ಮುಖ್ಯ ಹಾಯಿಯ ಹಗ್ಗ ಎಳೆದು ಬೂಮನ್ನು ದೋಣಿಯ ನಡುವಿಗೆ ತನ್ನಿ.

3. ದೋಣಿಯ ಮೂತಿ ಗಾಳಿಯನ್ನು ದಾಟಲಿ, ಆದರೆ ಮುಂದಿನ ಹಾಯಿಯ ಹಗ್ಗ ಬಿಡಬೇಡಿ. ಅದು ಹಿಮ್ಮುಖವಾಗಿ ಉಬ್ಬಿ ಬ್ರೇಕಿನಂತೆ ದೋಣಿಯ ವೇಗ ಇಳಿಸುತ್ತದೆ.

4. ಹಾಗೆಯೇ ಸುತ್ತು ಮುಂದುವರಿಸಿ. ಗಾಳಿ ಹಿಂದಿನಿಂದ ಬಂದಾಗ ಮುಂದಿನ ಹಾಯಿ ಇಳಿಸಿ ಅಥವಾ ಸುತ್ತಿಬಿಡಿ.

5. ಬೂಮನ್ನು ನಡುವೆಯೇ ಬಿಗಿದಿಟ್ಟುಕೊಂಡು ಜೈಬ್ ಮಾಡಿ, ಬಿದ್ದವರ ಬಳಿ ಮತ್ತೆ ಗಾಳಿಗೆ ಮುಖ ಮಾಡಿ ನಿಲ್ಲಿಸಿ.

ಭಯ ಹುಟ್ಟಿಸುವ ಎರಡು ಸಂಗತಿಗಳು, ಹಿಮ್ಮುಖ ಹಾಯಿ ಮತ್ತು ಜೈಬ್, ಇದರಲ್ಲಿ ಇವೆ. ಆದರೂ ರಿಗ್ ಉಳಿಯುತ್ತದೆ. ಹಿಮ್ಮುಖ ಹಾಯಿಯ ಎಳೆತವನ್ನು ದೋಣಿಯ ವಾಲುವಿಕೆ ಮಿತಿಯಲ್ಲಿಡುತ್ತದೆ. ಜೈಬ್‌ನಲ್ಲಿ ಅಪಾಯ ಇರುವುದು ಬೂಮ್ ಓಡುವ ದೂರದಲ್ಲಿ. ನಡುವೆಯೇ ಬಿಗಿದ ಬೂಮಿಗೆ ಓಡಲು ಜಾಗವಿಲ್ಲ, ಹಾಗಾಗಿ ಜಗ್ಗುಹೊಡೆತವೂ ಇಲ್ಲ. ದೋಣಿ ಬಿದ್ದವರ ಸುತ್ತಲೇ, ಕಣ್ಣಳತೆಯಲ್ಲೇ ಉಳಿಯುತ್ತದೆ.

ಒಂದು ಎಚ್ಚರಿಕೆ. ಗಾಳಿಯ ಜೊತೆ ಸಾಗುವಾಗ ಬೂಮ್ ಬೀಸದಂತೆ ಅದನ್ನು ಮುಂದಕ್ಕೆ ಎಳೆದು ಕಟ್ಟುವ ಪ್ರಿವೆಂಟರ್ ಹಗ್ಗ ಹಾಕಿರುತ್ತಾರೆ. ಅದನ್ನು ಬಿಡದೆ ತಿರುಗಿಸಿದರೆ ಮುಖ್ಯ ಹಾಯಿ ಹಿಮ್ಮುಖವಾಗಿ ಸಿಕ್ಕಿಕೊಂಡು ದೋಣಿ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಆ ಹಗ್ಗದ ಕೊನೆ ಚುಕ್ಕಾಣಿ ಹಿಡಿದವರ ಕೈಗೆ ಸಿಗುವಂತಿರಬೇಕು. ಹಗ್ಗವನ್ನು ಬೂಮಿನ ನಡುವಿಗೆ ಕಟ್ಟದೆ ತುದಿಗೆ ಕಟ್ಟಬೇಕು. ನಡುವಿಗೆ ಕಟ್ಟಿದರೆ ಬೂಮಿನ ತುದಿ ಅಲೆಗೆ ಅದ್ದಿದಾಗ ಅದು ಅಲ್ಲೇ ಮುರಿಯಬಹುದು.

ಮೊದಲೇ ಮಾಡಬೇಕಾದ್ದು

ರಿಗ್ ಮೇಲಿನ ನಂಬಿಕೆ ಬಂದರಿನಲ್ಲಿ ಗಳಿಸಿಕೊಳ್ಳಬೇಕಾದದ್ದು. ಪ್ರತಿ ಪಯಣಕ್ಕೆ ಮುಂಚೆ ಪಿನ್ನುಗಳು, ಅವು ಜಾರದಂತೆ ಹಾಕಿದ ಚಿಕ್ಕ ಕೊಂಡಿಗಳು ಸರಿಯಾಗಿವೆಯೇ ನೋಡಬೇಕು. ತಂತಿಯ ತುದಿಗಳಲ್ಲಿ ಬಿರುಕು, ಕಂದು ಕಲೆ, ಹರಿದ ಒಂದು ಎಳೆ ಕಂಡರೂ ಬದಲಿಸಬೇಕು. ದೋಣಿ ಸಾಧಾರಣ ಗಾಳಿಯಲ್ಲಿ ವಾಲಿದಾಗ ಸಡಿಲ ಕಡೆಯ ತಂತಿ ಜೋತಾಡುತ್ತಿದ್ದರೆ ಬಿಗಿತ ಸಾಲದು ಎಂದರ್ಥ. ಅಂಥ ರಿಗ್ ಪ್ರತಿ ತಿರುವಿನಲ್ಲೂ ಜಗ್ಗುತ್ತದೆ. ತಂತಿಗಳು 10ರಿಂದ 15 ವರ್ಷ ಹಳೆಯದಾದರೆ, ಚೆನ್ನಾಗಿ ಕಂಡರೂ ಬದಲಿಸುವಂತೆ ಹಲವು ವಿಮಾ ಕಂಪನಿಗಳು ಕೇಳುತ್ತವೆ. ಅದಕ್ಕೆ ಕಾರಣ ಕಣ್ಣಿಗೆ ಕಾಣದ ಆ ದಣಿವೇ.

ಇಷ್ಟು ಮಾಡಿದ ಮೇಲೆ, ಸಾಧಾರಣ ಗಾಳಿಯ ದಿನವೊಂದರಲ್ಲಿ ತೇಲುವ ಬಳೆಯೊಂದನ್ನು ನೀರಿಗೆಸೆದು, ಹಾಯಿ ಬಿಚ್ಚಿಟ್ಟೇ ತಟ್ಟನೆ ದೋಣಿ ತಿರುಗಿಸಿ ಅದನ್ನು ಎತ್ತಿಕೊಂಡು ಬನ್ನಿ. ದೋಣಿ ವಾಲುತ್ತದೆ, ಹಾಯಿ ಬಡಿದುಕೊಳ್ಳುತ್ತದೆ, ಸದ್ದು ಎದೆ ನಡುಗಿಸುತ್ತದೆ. ತಲೆ ಎತ್ತಿ ನೋಡಿದರೆ ಕಂಬ ಅಲ್ಲೇ ಇರುತ್ತದೆ. ನಾಲ್ಕು ಸಲ ಹೀಗೆ ಮಾಡಿದವರ ಕೈ ನಿಜವಾದ ದಿನ ಬಂದಾಗ ತಡೆಯುವುದಿಲ್ಲ. ಕಂಬ ಮುರಿದರೆ ಹೊಸದು ತರಬಹುದು. ಅಲೆಗಳ ನಡುವೆ ಕಣ್ಮರೆಯಾದವರನ್ನು ಮರಳಿ ತರಲಾಗುವುದಿಲ್ಲ. ಮೊದಲು ತಿರುಗಿಸಿ.